ಕರಿಕಲ್ಲಿನ ಬೆನ್ನು ಹತ್ತಿ ಗೋವಾದಲ್ಲಿ ಐದು ದಿನ

ಮೊದಲನೆಯ ದಿನ: ಘಟ್ಟ ಇಳಿದದ್ದು

ಧಾರವಾಡದಿಂದ ಗೋವಾಕ್ಕೆ ಹೊರಟವರನ್ನು ಕಂಡರೆ ಸಮುದ್ರಕ್ಕೆ ಹೊರಟಿದ್ದಾರೆಂದೇ ಎಲ್ಲರೂ ತಿಳಿಯುತ್ತಾರೆ. ಡಿಸೆಂಬರಿನ ಒಂದು ಬೆಳಗಿನ ಜಾವ ನಾನೂ ನನ್ನ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳೂ ವಾಸ್ಕೋ ಕಡೆಯ ರೈಲು ಹತ್ತಿದಾಗ ನಮ್ಮ ಬಳಿ ಇದ್ದದ್ದು ಎರಡು ಸುತ್ತಿಗೆ, ಇಂಧನ ಬಸಿದು ಒಣಗಿಸಿದ ಒಂದು ಕೊರೆಯುವ ಯಂತ್ರ, ಎರಡು ದಿಕ್ಸೂಚಿ, ಅನುಮತಿ ಪತ್ರಗಳ ಒಂದು ಕಡತ ಮತ್ತು ಖಾಲಿ ಬಟ್ಟೆಚೀಲಗಳ ಒಂದು ಗಂಟು. ಎದುರು ಸೀಟಿನ ಹಿರಿಯರೊಬ್ಬರು ಯಂತ್ರವನ್ನು ಬಹಳ ಹೊತ್ತು ನೋಡಿ, ಬಾವಿ ಕೊರೆಯುವವರೋ ಎಂದು ಕೇಳಿದರು. ಅರ್ಧ ನಿಜವಾದ್ದರಿಂದ ಹೌದೆಂದೆ.

ಲೋಂಡಾ ದಾಟಿ ಕ್ಯಾಸಲ್‌ರಾಕ್ ತಲುಪಿದ ಮೇಲೆ ರೈಲು ನಿಂತು ಹೆಚ್ಚುವರಿ ಎಂಜಿನ್‌ಗಳನ್ನು ಜೋಡಿಸಿಕೊಳ್ಳುತ್ತದೆ, ಏಕೆಂದರೆ ಅಲ್ಲಿಂದ ಕುಳೆಯವರೆಗೆ ಇಳಿಜಾರು 37 ಅಡಿಗೆ ಒಂದು ಅಡಿಯಷ್ಟಿದೆ. ಒಂದು ಕಾಲಕ್ಕೆ ಇದೇ ನಿಲ್ದಾಣ ಬ್ರಿಟಿಷರ ಭಾರತಕ್ಕೂ ಪೋರ್ಚುಗೀಸರ ಗೋವಾಕ್ಕೂ ನಡುವಿನ ಗಡಿಯಾಗಿತ್ತು. 310 ಮೀಟರ್ ಎತ್ತರದ ದೂಧಸಾಗರ ಬಂದಾಗ ಬೋಗಿಯ ಜನವೆಲ್ಲ ಜಲಪಾತವಿರುವ ಕಡೆಯ ಕಿಟಕಿಗಳಿಗೆ ಮುಗಿಬಿದ್ದರು. ಎದುರುಬದಿಯ ಕಿಟಕಿಗಳೆಲ್ಲ ನಮ್ಮ ಪಾಲಿಗೆ ಉಳಿದವು. ಹಳಿಗಾಗಿ ಕಡಿದ ಗುಡ್ಡದ ಗೋಡೆಯಲ್ಲಿ ಬಿಳಿ ಮತ್ತು ಬೂದುಬಣ್ಣದ ಎಳೆಗಳು ಹೆಣೆದುಕೊಂಡ ನೈಸ್ ಶಿಲೆ ಸಾಗುತ್ತಿರುವಾಗ, ನಡುವೆ ಒಂದೆಡೆ ಆ ಎಳೆಗಳನ್ನೆಲ್ಲ ಅಡ್ಡಲಾಗಿ ಸೀಳಿಕೊಂಡು ಮೇಲಿಂದ ಕೆಳಗಿನವರೆಗೆ ಒಂದು ಕಪ್ಪುಪಟ್ಟಿ ನಿಂತಿರುವುದು ಎರಡು ಕ್ಷಣ ಕಂಡು ಮಾಯವಾಯಿತು.

ಆ ಕಪ್ಪುಪಟ್ಟಿಗೆ ಭೂವಿಜ್ಞಾನದಲ್ಲಿ ಡೈಕ್ ಎಂದು ಹೆಸರು. ನೆಲದ ಹೊರಪದರ ಎಳೆದಾಟಕ್ಕೆ ಸಿಕ್ಕಿ ಬಿರಿದಾಗ ಆ ಬಿರುಕಿನೊಳಗೆ ಕೆಳಗಿನಿಂದ ಶಿಲಾರಸ ನುಗ್ಗಿ ಅಲ್ಲೇ ಆರಿ ಗಟ್ಟಿಯಾದರೆ ಡೈಕ್ ಆಗುತ್ತದೆ. ಗೋಡೆ ಬಿರುಕುಬಿಟ್ಟಾಗ ಗಾರೆ ತುಂಬಿದರೆ ಉಳಿಯುವ ಗೆರೆಯಂತೆ ಅದು, ಬಿರುಕು ಯಾವಾಗ ಬಿಟ್ಟಿತು, ಯಾವ ದಿಕ್ಕಿಗೆ ಬಿಟ್ಟಿತು ಎಂಬುದನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಖಂಡಗಳು ಒಡೆಯುವುದಕ್ಕೆ ಮೊದಲು ಇಂಥ ಬಿರುಕುಗಳು ನೂರಾರು ಕಿಲೋಮೀಟರ್ ಉದ್ದಕ್ಕೆ, ಸಾಲುಸಾಲಾಗಿ ಬಿಡುತ್ತವೆ. ನನ್ನ ಕೆಲಸವೆಲ್ಲ ಈ ಗೆರೆಗಳದು. ಆದರೆ ಇವುಗಳ ಜೊತೆಗಿನ ನನ್ನ ಮೊದಲ ಪರಿಚಯ ಇಷ್ಟು ಗೌರವದ್ದಾಗಿರಲಿಲ್ಲ. ಅದು ಆದದ್ದು ಇದೇ ಗೋವಾದ ಒಂದು ಕಬ್ಬಿಣದ ಗಣಿಯಲ್ಲಿ, ಮತ್ತು ಅಲ್ಲಿ ಈ ಕಲ್ಲಿಗೆ ಇದ್ದ ಹೆಸರು ‘ವೇಸ್ಟ್’.

ಕುಳೆಯಲ್ಲಿ ನಮಗಾಗಿ ಜೀಪು ಕಾಯುತ್ತಿತ್ತು. ಚಾಲಕ ಬಾಗಲಕೋಟೆ ಕಡೆಯವನು, ಹದಿನೆಂಟು ವರ್ಷದಿಂದ ಗೋವಾದಲ್ಲಿದ್ದು ಕೊಂಕಣಿಯನ್ನೂ ಬಾಗಲಕೋಟೆಯ ಧಾಟಿಯಲ್ಲೇ ಆಡುತ್ತಾನೆ. ಹಿಂದೆ ಅದಿರಿನ ಲಾರಿ ಓಡಿಸುತ್ತಿದ್ದನಂತೆ. ರಾತ್ರಿ ಸಾವರ್ಡೆಯಲ್ಲಿ ತಂಗಿದೆವು. ಗೋವಾದ ಹಳೆಯ ಶಿಲಾವರ್ಗಗಳಲ್ಲೊಂದಕ್ಕೆ ಈ ಊರಿನದೇ ಹೆಸರಿದೆ ಎಂದು ಹೇಳಿದಾಗ ಅವನು ನಂಬಲಿಲ್ಲ.

ಎರಡನೆಯ ದಿನ: ಡಿಚೋಲಿ

ಎಂ.ಎಸ್ಸಿ. ಮುಗಿಸಿದ ಮೇಲೆ, 2010ರಲ್ಲಿ, ನಾನು ಡಿಚೋಲಿ ತಾಲ್ಲೂಕಿನ ಒಂದು ಗಣಿಯಲ್ಲಿ ತರಬೇತಿ ಭೂವಿಜ್ಞಾನಿಯಾಗಿ ಸೇರಿದೆ. ಧಾರವಾಡದವರಿಗೆ ಭೂವಿಜ್ಞಾನ ಓದುವುದರಲ್ಲಿ ಒಂದು ವಿಚಿತ್ರ ಹೆಮ್ಮೆಯಿದೆ. ನಮ್ಮ ಊರೆಂದರೆ ಬೇರೆಯವರಿಗೆ ಪೇಡೆ ಮತ್ತು ಸಂಗೀತ. ಭೂವಿಜ್ಞಾನದ ಪುಸ್ತಕಗಳಲ್ಲಾದರೆ ಅದು 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಭಾರತದ ಅತಿಪ್ರಾಚೀನ ಪದರಶಿಲೆಗಳಿಗೆ ಇಟ್ಟ ಹೆಸರು, ಇಂದು ಇಡೀ ಒಂದು ಭೂಖಂಡದ ಗಟ್ಟಿ ತಿರುಳನ್ನು ಜಗತ್ತೆಲ್ಲ ‘ಧಾರವಾಡ ಕ್ರೇಟಾನ್’ ಎಂದೇ ಕರೆಯುತ್ತದೆ. ಗೋವಾದ ಅದಿರು ಕೂಡ ಅದೇ ಸಂತತಿಯದು. ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು, ಸಿಲಿಕಾದ ಪದರಗಳ ಜೊತೆ ಒಂದರ ಮೇಲೊಂದು ಕುಳಿತು, ಕೆಂಪು-ಬೂದು ಪಟ್ಟೆಗಳ ಕಲ್ಲಾಗಿ, ಆಮೇಲೆ ಎಷ್ಟೋ ಕಾಲದ ಮಳೆಯಲ್ಲಿ ಸಿಲಿಕಾ ತೊಳೆದುಹೋಗಿ ಅದಿರು ಉಳಿದದ್ದು. ಗಣಿಯಲ್ಲಿ ಇದನ್ನೆಲ್ಲ ಯೋಚಿಸುವುದಕ್ಕೆ ಸಂಬಳ ಕೊಡುತ್ತಿರಲಿಲ್ಲ. ಶೇಕಡಾ ಎಷ್ಟು ಕಬ್ಬಿಣ, ಎಷ್ಟು ಸಿಲಿಕಾ, ಇಂದು ಎಷ್ಟು ಲಾರಿ, ಮಾಂಡವಿಯ ಬಾರ್ಜು ತುಂಬಿತೋ ಇಲ್ಲವೋ ಎಂಬಿಷ್ಟೇ ಲೆಕ್ಕ.

ಆ ಗುಂಡಿಯ ಪೂರ್ವದ ಗೋಡೆಯಲ್ಲಿ ಸುಮಾರು ಹನ್ನೆರಡು ಮೀಟರ್ ಅಗಲದ ಒಂದು ಡೈಕ್ ಇತ್ತು. ಅದಿರಿನ ಪದರಗಳನ್ನು ಅದು ಕತ್ತರಿಸಿ ಹೋಗಿದ್ದರಿಂದ ಅಗೆಯುವವರಿಗೆ ಅದರ ಮೇಲೆ ಕೋಪ. ಅದರ ಗಡಿಗಳನ್ನು ನಕ್ಷೆಯಲ್ಲಿ ಗುರುತಿಸಿ, ಅಷ್ಟನ್ನೂ ಪ್ರತ್ಯೇಕವಾಗಿ ತೆಗೆದು ಡಂಪಿಗೆ ಹಾಕಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಇದು ಯಾವ ಕಾಲದ ಡೈಕ್ ಎಂದು ಒಮ್ಮೆ ಮೇಲಿನವರನ್ನು ಕೇಳಿದ್ದಕ್ಕೆ, ಕಸಕ್ಕೆ ಜಾತಕ ಬರೆಸುತ್ತೀರಾ ಎಂಬ ಉತ್ತರ ಬಂತು. ಎರಡು ವರ್ಷ ನಾನು ಅದನ್ನು ಲೆಕ್ಕವಿಟ್ಟು ಎಸೆಸಿದೆ, ಒಂದು ತುಂಡನ್ನೂ ತೆಗೆದಿಟ್ಟುಕೊಳ್ಳಲಿಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಗೋವಾ ಸರ್ಕಾರ ಗಣಿಗಾರಿಕೆಯನ್ನು ತಡೆಹಿಡಿಯಿತು, ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶ ಬಂತು, ನವೆಂಬರಿನಲ್ಲಿ ನಾನು ಮನೆಯಲ್ಲಿದ್ದೆ. ಕಡೆಯ ಎರಡು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ. ಬೇರೆ ಗಣಿಗಳಿಗೆ ಅರ್ಜಿ ಹಾಕುತ್ತ ಕೂತಿದ್ದಾಗ, ಸಮಯ ಕಳೆಯಲೆಂದು ಓದಿದ ಒಂದು ಲೇಖನದಿಂದ ಧಾರವಾಡ ಕ್ರೇಟಾನಿನ ಡೈಕ್‌ಗಳಲ್ಲಿ 237 ಕೋಟಿ, 221 ಕೋಟಿ, 218 ಕೋಟಿ, 188 ಕೋಟಿ ವರ್ಷಗಳ ಹಿಂದಿನ ಬೇರೆಬೇರೆ ತಂಡಗಳಿವೆಯೆಂದೂ, 218 ಕೋಟಿಯ ತಂಡ ಮೆಹಬೂಬನಗರದಿಂದ ನಮ್ಮ ದಾಂಡೇಲಿಯವರೆಗೆ ಹಬ್ಬಿದೆಯೆಂದೂ ತಿಳಿಯಿತು. ದಾಂಡೇಲಿಯಿಂದ ಡಿಚೋಲಿ ಏನು ಮಹಾ ದೂರ? ಎಸೆಸಿದ್ದು ಯಾವುದನ್ನು ಎಂಬ ಪ್ರಶ್ನೆ ಆ ರಾತ್ರಿ ಹುಟ್ಟಿತು, ಪಿಎಚ್.ಡಿ.ಗೆ ಸೇರಿದ್ದು ಅದರ ಮುಂದಿನ ವರ್ಷ.

ಇಂದು ಆ ಗುಂಡಿಯಲ್ಲಿ ನೀರು ತುಂಬಿದೆ. ಬೇಲಿಯ ಹೊರಗಿನ ರಸ್ತೆಯಿಂದ ನೋಡಿದರೆ ಹಸಿರುನೀಲಿಯ ಒಂದು ಕೆರೆ, ದಂಡೆಯ ಮೇಲೆ ಎರಡು ಬೆಳ್ಳಕ್ಕಿ. ನನ್ನ ಡೈಕ್ ಇರುವುದು ಅದರ ತಳದಲ್ಲಿ. ಚಾಲಕ ಬಹಳ ಹೊತ್ತು ಸುಮ್ಮನಿದ್ದು, ‘ಇಲ್ಲೇ ರೀ ನನ್ನ ಲಾರಿ ನಿಲ್ತಿತ್ತು’ ಎಂದ. ಅವನು ಕಂತು ಕಟ್ಟಲಾಗದೆ ಆ ಲಾರಿಯನ್ನು ಬಿಟ್ಟುಕೊಟ್ಟ ಕಥೆ ನನ್ನ ಎರಡು ತಿಂಗಳ ಸಂಬಳದ ಕಥೆಗಿಂತ ಬಹಳ ದೊಡ್ಡದಾಗಿತ್ತು.

ಡಂಪಿನ ಬುಡ ಮಾತ್ರ ಮಳೆಗೆ ಕುಸಿದು ರಸ್ತೆಯ ಚರಂಡಿಯವರೆಗೆ ಬಂದಿದೆ. ಅನುಮತಿ ಪತ್ರವನ್ನು ಕಾವಲುಗಾರನಿಗೆ ತೋರಿಸಿ ಅಲ್ಲಿ ಹುಡುಕಿದೆವು. ಡೈಕಿನ ಶಿಲೆ ಗೋವಾದ ಮಳೆಗೆ ಸಿಕ್ಕರೆ ಈರುಳ್ಳಿಯಂತೆ ಸಿಪ್ಪೆಸಿಪ್ಪೆಯಾಗಿ ಕಳಚಿಕೊಳ್ಳುತ್ತದೆ: ಹೊರಗೆ ಕಾವಿಬಣ್ಣದ ಮಣ್ಣು, ಅದರೊಳಗೆ ಹಳದಿ ಪುಡಿಯಂಥ ಪದರ, ಅದರೊಳಗೆ ಮತ್ತೊಂದು, ಕಟ್ಟಕಡೆಗೆ ನಡುವಿನಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ಗಟ್ಟಿ ಕರಿಗುಂಡು. ಮೂರನೆಯ ಗುಂಡನ್ನು ಒಡೆದಾಗ ಸುತ್ತಿಗೆ ಖಣಿಲ್ಲೆಂದಿತು. ಒಡೆದ ಮುಖವನ್ನು ನೀರಿನಲ್ಲಿ ತೊಳೆದು ಭೂತಗನ್ನಡಿ ಹಿಡಿದರೆ ಬಿಳಿಯ ಕಡ್ಡಿಗಳಂಥ ಫೆಲ್ಡ್‌ಸ್ಪಾರ್ ಹರಳುಗಳೂ ಅವುಗಳ ನಡುವೆ ಕಪ್ಪುಹಸಿರು ತುಂಬಿರುವುದೂ ಕಂಡವು. ಆ ಹಸಿರು ನನ್ನನ್ನು ಸ್ವಲ್ಪ ಹುಚ್ಚನನ್ನಾಗಿಸಿತು ಎಂದು ಒಪ್ಪಿಕೊಳ್ಳಬೇಕು, ಯಾಕೆಂದರೆ ಹಳೆಯ ಡೈಕ್‌ಗಳ ಮೂಲ ಖನಿಜಗಳು ಕಾಲಾಂತರದಲ್ಲಿ ಹಸಿರು ಖನಿಜಗಳಾಗಿ ಮಾರ್ಪಡುವುದು ಹೆಚ್ಚು. ಆದರೆ ಹಸಿರಾಗಿರುವುದೆಲ್ಲ ಹಳೆಯದಲ್ಲ. ಕಣ್ಣಿನ ಅಳತೆಗೆ ಇಲ್ಲಿ ಬೆಲೆಯಿಲ್ಲ. ಎರಡು ಕಿಲೋ ತುಂಡುಗಳನ್ನು ಚೀಲಕ್ಕೆ ಹಾಕಿ ಮೇಲೆ ‘ಡಿ-1’ ಎಂದು ಬರೆದೆ.

ಮೂರನೆಯ ದಿನ: ಅನಮೋಡ ಘಟ್ಟ

ಇಂದು ಸುತ್ತಿಗೆ ಹೊರತೆಗೆಯುವ ಮಾತೇ ಇರಲಿಲ್ಲ. ಮೊಲೆಂನಿಂದ ಅನಮೋಡಕ್ಕೆ ಏರುವ ರಸ್ತೆ ಅಭಯಾರಣ್ಯದೊಳಗೆ ಹೋಗುತ್ತದೆ, ಅಲ್ಲಿ ನೋಡಬಹುದು, ಬರೆದುಕೊಳ್ಳಬಹುದು, ಅಷ್ಟೆ. ವಿದ್ಯಾರ್ಥಿಗಳಿಗೆ ಇದು ಶಿಕ್ಷೆಯಂತೆ ಕಂಡರೂ ನನಗೆ ಒಳ್ಳೆಯದೇ ಎನ್ನಿಸಿತು, ಕೈಯಲ್ಲಿ ಸುತ್ತಿಗೆ ಇದ್ದರೆ ನಮ್ಮವರು ನೋಡುವುದಕ್ಕೆ ಮೊದಲೇ ಹೊಡೆಯುತ್ತಾರೆ.

ಈ ಘಟ್ಟದ ನೈಸ್‌ಗೆ 1980ರ ದಶಕದಲ್ಲಿ ರುಬಿಡಿಯಂ-ಸ್ಟ್ರಾಂಷಿಯಂ ವಿಧಾನದಿಂದ ಸಿಕ್ಕ ವಯಸ್ಸು 340 ಕೋಟಿ ವರ್ಷ, ಅದರ ಜೊತೆಗೆ 14 ಕೋಟಿ ವರ್ಷಗಳಷ್ಟು ಆಚೀಚೆ. ಮೊದಲ ಸಲ ಇದನ್ನು ಓದಿದಾಗ ನನ್ನನ್ನು ಹಿಡಿದದ್ದು 340 ಅಲ್ಲ, 14. ಡೈನೊಸಾರ್‌ಗಳು ಅಳಿದು ಇನ್ನೂ 7 ಕೋಟಿ ವರ್ಷ ಆಗಿಲ್ಲ. ಅದರ ಎರಡರಷ್ಟು ಕಾಲವನ್ನು ಇಲ್ಲಿ ಅಳತೆಯ ತಪ್ಪೆಂದು ಪಕ್ಕಕ್ಕಿಟ್ಟಿದ್ದಾರೆ. ಇಂದಿನ ವಿಧಾನ ಜಿರ್ಕಾನ್ ಎಂಬ ಪುಟ್ಟ ಹರಳನ್ನು ನೆಚ್ಚಿಕೊಂಡದ್ದು. ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಆದ್ದರಿಂದ ಅದರೊಳಗೆ ಈಗ ಇರುವ ಸೀಸವೆಲ್ಲ ಯುರೇನಿಯಂ ಸವೆದು ಆದದ್ದು. ಯುರೇನಿಯಂ-238 ಅರ್ಧಕ್ಕಿಳಿಯಲು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ 70 ಕೋಟಿ ವರ್ಷ ಸಾಕು. ಒಂದೇ ಹರಳಿನಲ್ಲಿ ಎರಡು ಗಡಿಯಾರಗಳು ನಡೆಯುತ್ತಿರುವುದರಿಂದ ಒಂದು ಕೆಟ್ಟರೆ ಇನ್ನೊಂದು ಅದನ್ನು ಹೊರಗೆಡಹುತ್ತದೆ. ಮನೆಯಲ್ಲಿ ಅಜ್ಜನ ಗಡಿಯಾರವನ್ನು ಅಜ್ಜಿ ನಂಬದೆ ರೇಡಿಯೊ ಹಚ್ಚುತ್ತಿದ್ದ ಹಾಗೆ.

ತಿರುವೊಂದರಲ್ಲಿ ಜೀಪು ನಿಲ್ಲಿಸಿ ಕೂತೆವು. ಒದ್ದೆಯಾಗಿದ್ದ ಕಲ್ಲಿನ ಮೇಲೆ ಬಿಳಿ ಎಳೆಗಳು ಹಿಟ್ಟು ನಾದಿದಾಗ ಬರುವ ಮಡಿಕೆಗಳಂತೆ ಸುತ್ತಿಕೊಂಡಿದ್ದವು. ಈ ಬಗೆಯ ಹಳೆಯ ನೈಸ್ ಬೇರೆಲ್ಲಿದೆ ಎಂದು ವಿದ್ಯಾರ್ಥಿನಿ ಕೇಳಿದಳು. ಮಡಗಾಸ್ಕರ್ ದ್ವೀಪದ ಈಶಾನ್ಯದಲ್ಲಿ ಆಂಟೊಂಗಿಲ್ ಕೊಲ್ಲಿಯ ಸುತ್ತ 300 ಕೋಟಿ ವರ್ಷ ಮೀರಿದ ನೈಸ್ ಇದ್ದು, ನಮ್ಮ ಪಶ್ಚಿಮ ಧಾರವಾಡದ ನೈಸ್‌ಗೆ ಅದು ಬಹಳ ಹತ್ತಿರದ ನೆಂಟ ಎಂದು ಅನೇಕರು ಒಪ್ಪುತ್ತಾರೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬಿಟ್ಟುಹೋಯಿತು. ಉಡುಪಿ ಬಳಿ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಆ ಬೀಳ್ಕೊಡುಗೆಯ ಕಾಲದವು.

ಅದಕ್ಕಿಂತ ಹಿಂದೆ ಹೋದಷ್ಟೂ ಜೋಡಣೆ ಕಷ್ಟ. 1996ರಲ್ಲಿ ಅಮೆರಿಕದ ಜಾನ್ ರೋಜರ್ಸ್, ಸುಮಾರು 300 ಕೋಟಿ ವರ್ಷಗಳ ಹಿಂದೆ ಧಾರವಾಡ, ಸಿಂಗಭೂಮ, ದಕ್ಷಿಣ ಆಫ್ರಿಕಾದ ಕಾಪ್‌ವಾಲ್, ಆಸ್ಟ್ರೇಲಿಯಾದ ಪಿಲ್ಬಾರಾ ಮುಂತಾದ ತುಂಡುಗಳು ಸೇರಿ ಒಂದೇ ಖಂಡವಾಗಿದ್ದವೆಂದು ಸೂಚಿಸಿ, ಜರ್ಮನ್ ಭಾಷೆಯಲ್ಲಿ ‘ಮೂಲ’ ಎಂಬ ಅರ್ಥದ ‘ಉರ್’ ಎಂಬ ಹೆಸರನ್ನು ಅದಕ್ಕೆ ಕೊಟ್ಟರು. ಧಾರವಾಡದವನಾದ ನನಗೆ ಇದು ಕೇಳಿದ್ದು ‘ಊರು’ ಎಂದೇ. ಈ ಉಚ್ಚಾರದ ಸುಖಕ್ಕಾಗಿ ವಾದವನ್ನು ಒಪ್ಪುವಂತಿಲ್ಲ. ಆ ತುಂಡುಗಳು ಅಷ್ಟು ಹಿಂದೆಯೇ ಜೊತೆಗಿದ್ದವು ಎನ್ನುವುದಕ್ಕೆ ಆಧಾರ ತೆಳ್ಳಗಿದೆಯೆಂದು ನನ್ನ ಅಭಿಪ್ರಾಯ. ಅದೇ ರೋಜರ್ಸ್ ನಮ್ಮ ಕೇರಳದ ಎಂ. ಸಂತೋಷ್ ಅವರ ಜೊತೆ 2002ರಲ್ಲಿ ಮಂಡಿಸಿದ ‘ಕೊಲಂಬಿಯಾ’ ಮಹಾಖಂಡ, ಸುಮಾರು 180 ಕೋಟಿ ವರ್ಷಗಳ ಹಿಂದಿನದು, ಹೆಚ್ಚು ಗಟ್ಟಿ ನೆಲದ ಮೇಲಿದೆ. ಅದಾದ ಮೇಲೆ ರೊಡಿನಿಯಾ, ಗೊಂಡ್ವಾನಾ, ಪ್ಯಾಂಜಿಯಾ. ನನ್ನ 218 ಕೋಟಿಯ ಗೆರೆಗಳು ಕೊಲಂಬಿಯಾಕ್ಕೂ ಹಿಂದಿನವು, ಹೆಸರೇ ಗಟ್ಟಿಯಾಗದ ಕಾಲದವು. ಅದಕ್ಕೇ ಅವುಗಳ ಮೇಲೆ ನನಗೆ ಆಸೆ.

ನಾಲ್ಕನೆಯ ದಿನ: ಪಾಲೊಳೆ

ಕಾಣಕೋಣ ತಾಲ್ಲೂಕಿನ ಕರಾವಳಿಯಲ್ಲಿ ದೊಡ್ಡ ಫೆಲ್ಡ್‌ಸ್ಪಾರ್ ಹರಳುಗಳ ಗ್ರಾನೈಟ್ ದುಂಡುಬಂಡೆಗಳಾಗಿ ಸಮುದ್ರಕ್ಕೆ ಇಳಿಯುತ್ತದೆ, ಅದನ್ನು ಅಲ್ಲಲ್ಲಿ ಡೈಕ್‌ಗಳು ಸೀಳಿವೆ. ಗೋವಾ ಕರಾವಳಿಯ ಡೈಕ್‌ಗಳಲ್ಲಿ ವಯಸ್ಸು ಅಳೆದವು ಸುಮಾರು 6.3 ಕೋಟಿ ವರ್ಷದವು, ಅಂದರೆ ದಖನ್ ಲಾವಾದ ಕೊನೆಗಾಲದವು, ಸೆಶೆಲ್ಸ್ ಭಾರತದಿಂದ ಬೇರ್ಪಟ್ಟ ಕಾಲದವು. ಎಳೆಯದನ್ನು ಚೆನ್ನಾಗಿ ತಿಳಿದುಕೊಂಡರೆ ಮಾತ್ರ ಒಳನಾಡಿನ ಹಳೆಯದನ್ನು ಬೇರೆಮಾಡಬಹುದೆಂದು ಇಲ್ಲಿಗೆ ಬಂದದ್ದು.

ಕೊರೆಯುವ ಕೆಲಸ ನೋಡಲು ಸುಲಭ. ತುದಿಯಲ್ಲಿ ವಜ್ರದ ಚೂರುಗಳಿರುವ ಟೊಳ್ಳು ಕೊಳವೆಯನ್ನು ಯಂತ್ರ ತಿರುಗಿಸುತ್ತದೆ, ಇನ್ನೊಬ್ಬರು ಕೈಪಂಪಿನಿಂದ ನೀರು ಹಾಯಿಸುತ್ತಿರುತ್ತಾರೆ, ಹತ್ತು ನಿಮಿಷದಲ್ಲಿ ಬೆರಳುದ್ದದ, ಎರಡೂವರೆ ಸೆಂಟಿಮೀಟರ್ ದಪ್ಪದ ಕಲ್ಲಿನ ಕಂಬಿ ಬಂಡೆಯೊಳಗೇ ನಿಂತಿರುತ್ತದೆ. ಕಷ್ಟವಿರುವುದು ಅದನ್ನು ಮುರಿದು ತೆಗೆಯುವ ಮುನ್ನ. ಅದು ಯಾವ ದಿಕ್ಕಿಗೆ, ಎಷ್ಟು ಬಾಗಿ ನಿಂತಿತ್ತು ಎಂದು ಅಳೆದು, ಮೈಮೇಲೆ ಗೆರೆ ಎಳೆಯಬೇಕು. ಕರಿಕಲ್ಲು ತಾನೇ ಅಯಸ್ಕಾಂತವಾದ್ದರಿಂದ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಕಡ್ಡಿಯ ನೆರಳು ಬೀಳುವ ಕೋನವನ್ನೂ ಗಡಿಯಾರದ ಸಮಯವನ್ನೂ ಬರೆದುಕೊಂಡು ಸೂರ್ಯನಿಂದ ಉತ್ತರವನ್ನು ಲೆಕ್ಕ ಹಾಕುತ್ತೇವೆ.

ಇಷ್ಟೆಲ್ಲ ಯಾಕೆಂದರೆ, ಡೈಕ್ ಆರುತ್ತ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಅದರೊಳಗಿನ ಮ್ಯಾಗ್ನೆಟೈಟ್ ಕಣಗಳು ಅಂದಿನ ಭೂಕಾಂತ ಕ್ಷೇತ್ರದ ದಿಕ್ಕನ್ನು ಹಿಡಿದುಕೊಳ್ಳುತ್ತವೆ. ಭೂಮಧ್ಯರೇಖೆಯಲ್ಲಿ ಆ ದಿಕ್ಕು ನೆಲಕ್ಕೆ ಸಮವಾಗಿ ಮಲಗಿರುತ್ತದೆ, ಧ್ರುವಕ್ಕೆ ಹೋದಷ್ಟೂ ಲಂಬವಾಗುತ್ತದೆ. ಬಾಗು 49 ಡಿಗ್ರಿ ಎಂದು ಬಂದರೆ ಆ ಕಲ್ಲು ಹುಟ್ಟಿದ್ದು 30 ಡಿಗ್ರಿ ಅಕ್ಷಾಂಶದಲ್ಲಿ ಎಂದು ಲೆಕ್ಕ. 1950ರ ದಶಕದಲ್ಲಿ ಲಂಡನ್ನಿನ ಬ್ಲಾಕೆಟ್ ಮತ್ತು ಕ್ಲೆಗ್ ಅವರ ತಂಡ ದಖನ್ ಲಾವಾದ ಮೇಲೆ ಇದನ್ನೇ ಮಾಡಿ, ಭಾರತ ಭೂಮಧ್ಯರೇಖೆಯ ದಕ್ಷಿಣದಿಂದ ಉತ್ತರಕ್ಕೆ ಬಂದಿದೆ ಎಂದು 1956ರಲ್ಲಿ ಪ್ರಕಟಿಸಿತು. ವೆಗೆನರ್ 1912ರಲ್ಲಿ ಹೇಳಿದ ಖಂಡಗಳ ಚಲನೆಯನ್ನು ಬಹುಪಾಲು ಭೂವಿಜ್ಞಾನಿಗಳು ಆಗಿನ್ನೂ ನಂಬಿರಲಿಲ್ಲ. ಒಂದೇ ಕೊರತೆಯೆಂದರೆ ಈ ಅಯಸ್ಕಾಂತ ಅಕ್ಷಾಂಶ ಹೇಳುತ್ತದೆ, ರೇಖಾಂಶ ಹೇಳುವುದಿಲ್ಲ. ಅದಕ್ಕಾಗಿ ಎರಡು ಖಂಡಗಳ ಡೈಕ್‌ಗಳ ವಯಸ್ಸಿನ ಪಟ್ಟಿಗಳನ್ನು ಅಂಗಡಿಯ ಬಾರ್‌ಕೋಡಿನಂತೆ ಪಕ್ಕಪಕ್ಕ ಇಟ್ಟು, ಗೆರೆಗೆ ಗೆರೆ ಕೂಡುತ್ತದೆಯೇ ಎಂದು ನೋಡಬೇಕಾಗುತ್ತದೆ.

ಆರು ಕಂಬಿಗಳು ಸರಿಯಾಗಿ ಬಂದವು. ಏಳನೆಯದಕ್ಕೆ ಪಂಪಿನ ರಬ್ಬರ್ ಕೊಳವೆ ಕಳಚಿ, ಕೊಳವೆ ಒಣಗಿ ಕಾದು, ಕಂಬಿ ಒಳಗೇ ಎರಡು ತುಂಡಾಗಿ ಗಿರಕಿ ಹೊಡೆಯಿತು. ಗೆರೆ ಎಳೆಯುವ ಮೊದಲೇ ತಿರುಗಿದ ಕಂಬಿ ದಿಕ್ಕು ಕಳೆದುಕೊಂಡಂತೆ. ಯಂತ್ರ ಹಿಡಿದಿದ್ದ ಹುಡುಗ ಬೈಗುಳ ನುಂಗಿ ಅದನ್ನು ನೀರಿಗೆ ಎಸೆಯಲು ಕೈ ಎತ್ತಿದ. ನನಗೆ ತಿಳಿಯುವ ಮುಂಚೆಯೇ ಅವನ ರಟ್ಟೆ ಹಿಡಿದಿದ್ದೆ. ದಿಕ್ಕಿಲ್ಲದ ಕಲ್ಲು ಕಾಂತತ್ವಕ್ಕೆ ಬೇಡವಾದರೂ ವಯಸ್ಸಿನ ಅಳತೆಗೆ ಆಗುತ್ತದೆ: ಇಂಥ ಕರಿಕಲ್ಲಿನಲ್ಲಿ ಬ್ಯಾಡಲಿಯೈಟ್ ಎಂಬ, ಕೂದಲಿನ ದಪ್ಪಕ್ಕಿಂತ ಹೆಚ್ಚೇನೂ ದೊಡ್ಡದಲ್ಲದ ಕಂದು ಹರಳುಗಳಿರಬಹುದು, ಜಿರ್ಕಾನಿನಂತೆ ಅವೂ ಯುರೇನಿಯಂ-ಸೀಸದ ಲೆಕ್ಕ ಇಟ್ಟಿರುತ್ತವೆ. ಡಿಚೋಲಿಯ ಡಿ-1 ಚೀಲಕ್ಕೂ ಉಳಿದಿರುವ ಒಂದೇ ದಾರಿ ಅದು.

ಈ ಗಲಾಟೆಯನ್ನು ಮಣಿಸರ ಮಾರುವ ಇಬ್ಬರು ಲಂಬಾಣಿ ಹೆಂಗಸರು ನೆರಳಿಗೆ ಕೂತು ನೋಡುತ್ತಿದ್ದರು. ನಮ್ಮ ಕನ್ನಡ ಕಿವಿಗೆ ಬಿದ್ದದ್ದೇ ಹತ್ತಿರ ಬಂದರು, ಕೊಪ್ಪಳ ಕಡೆಯವರಂತೆ. ಹಿರಿಯಾಕೆ ಬಂಡೆಯ ಮೇಲಿನ ಆರು ತೂತುಗಳಿಗೆ ಬೆರಳು ತೂರಿಸಿ ನೋಡಿ, ‘ಕಲ್ಲಿಗೂ ಸೂಜಿ ಚುಚ್ಚಿ ರಕ್ತ ತಗೀತೀರೇನ್ರಿ’ ಎಂದಳು. ಪುರಾಕಾಂತತ್ವವನ್ನು ನಾನು ತರಗತಿಯಲ್ಲಿ ಇಷ್ಟು ಚೊಕ್ಕವಾಗಿ ಹೇಳಿದ್ದಿಲ್ಲ.

ಐದನೆಯ ದಿನ: ಮುರಗಾಂವ್

ಮಧ್ಯಾಹ್ನದ ರೈಲಿಗೆ ಮೊದಲು ವಾಸ್ಕೋದ ಹೆಡ್‌ಲ್ಯಾಂಡ್ ಸಡಾ ದಿಬ್ಬಕ್ಕೆ ಹೋದೆವು. ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇರುವುದು ಇಲ್ಲಿ. ಉಷ್ಣವಲಯದ ಈ ಬೆವರಿನ ಊರಿನಲ್ಲಿ ಕೂತು ಹಿಮಖಂಡದ ಯಾತ್ರೆಗಳನ್ನು ನಡೆಸುವುದು ವಿದ್ಯಾರ್ಥಿಗಳಿಗೆ ತಮಾಷೆಯಾಗಿ ಕಂಡಿತು. ಎಸ್.ಝಡ್. ಖಾಸಿಂ ಅವರ ನೇತೃತ್ವದಲ್ಲಿ 21 ಮಂದಿಯ ಮೊದಲ ತಂಡ ‘ಪೋಲಾರ್ ಸರ್ಕಲ್’ ಹಡಗಿನಲ್ಲಿ ಗೋವಾದಿಂದ ಹೊರಟದ್ದು 1981ರ ಡಿಸೆಂಬರ್ 6ರಂದು, ಅಂಟಾರ್ಕ್ಟಿಕಾದ ಮಂಜಿನ ಮೇಲೆ ಇಳಿದದ್ದು 1982ರ ಜನವರಿ 9ರಂದು.

ನನಗೆ ಅಲ್ಲಿ ಕೆಲಸವಿದ್ದದ್ದು ಭಾರತದ ಮೂರನೆಯ ನೆಲೆ ‘ಭಾರತಿ’ 2012ರಿಂದ ನಿಂತಿರುವ ಲಾರ್ಸೆಮನ್ ಗುಡ್ಡಗಳ ಶಿಲೆಗಳ ಬಗ್ಗೆ ಒಬ್ಬರ ಜೊತೆ ಮಾತಾಡಲು. ಆ ಕಡೆಯ ಪೂರ್ವ ಅಂಟಾರ್ಕ್ಟಿಕಾದಲ್ಲಿ ಸುಮಾರು 100 ಕೋಟಿ ವರ್ಷಗಳ ಹಿಂದೆ ಬೆಂದ ಶಿಲೆಗಳಿಗೂ ನಮ್ಮ ಪೂರ್ವಘಟ್ಟದ ಶಿಲೆಗಳಿಗೂ ಜೋಡಿಯಿದೆ. ರೊಡಿನಿಯಾ ಕೂಡಿದ ಕಾಲದ ಹೊಲಿಗೆ ಅದು, ಗೊಂಡ್ವಾನಾದಲ್ಲೂ ಉಳಿದು, ಸುಮಾರು 13 ಕೋಟಿ ವರ್ಷಗಳ ಹಿಂದೆ ಭಾರತ ಬೇರೆಯಾದಾಗ ಬಿಚ್ಚಿತು. ಗೊಂಡ್ವಾನಾ ಎಂಬ ಹೆಸರೇ ಮಧ್ಯಭಾರತದ ಗೊಂಡರ ನಾಡಿನದು. ಮಾತು ಒಂದು ಗಂಟೆಯದೆಂದು ಹೋದದ್ದು ಮೂರು ಗಂಟೆಯಾಯಿತು, ಊಟ ತಪ್ಪಿತು.

ನಿಲ್ದಾಣದಲ್ಲಿ ಚೀಲಗಳನ್ನು ಎಣಿಸಿದೆವು: ಕಂಬಿಗಳ ಆರು ಚೀಲ, ಮುರಿದ ಏಳನೆಯದರದು ಒಂದು, ಗ್ರಾನೈಟ್ ಒಂದು, ಡಿಚೋಲಿಯದು ಒಂದು. ಒಂಬತ್ತನ್ನೂ ಕಟ್ಟಿದ ಮೂಟೆಯನ್ನು ತಲೆಗೇರಿಸಿದ ಹಮಾಲ ಎರಡು ಹೆಜ್ಜೆ ಇಟ್ಟು ಕೆಳಗಿಳಿಸಿ, ಒಳಗೇನಿದೆಯೆಂದು ಕೇಳಿದ. ಅವನೂ ನಮ್ಮ ಕಡೆಯವನೇ, ಸವದತ್ತಿಯವನು. ಕಲ್ಲು ಎಂದೆ. ಅವನು ನನ್ನ ಮುಖವನ್ನೂ ಮೂಟೆಯನ್ನೂ ಒಮ್ಮೆ ನೋಡಿ, ‘ಯಾಕ್ರೀ, ನಿಮ್ಮ ಊರಾಗ ಕಲ್ಲಿಲ್ಲೇನು?’ ಎಂದ.

‘ಅದನ್ನ ನೋಡೂದೈತಿ’ ಎಂದು, ಡಿ-1ರ ಚೀಲವನ್ನು ಬಿಚ್ಚಿ ತೆಗೆದು ನನ್ನ ಹೆಗಲಿಗೆ ಹಾಕಿಕೊಂಡೆ. ಉಳಿದ ಎಂಟನ್ನು ಅವನು ಹೊತ್ತ.